ಆರ್‌ಸಿ ಬುಕ್ಕಿನ ಹೆಸರು

ನರಕ ಚತುರ್ದಶಿಯ ಬೆಳಗಿನ ಜಾವ ಬಚ್ಚಲೊಲೆಗೆ ಬೆಂಕಿ ಹಾಕುವುದು ನಮ್ಮ ಮನೆಯಲ್ಲಿ ಈಗಲೂ ನನ್ನ ಪಾಲಿನ ಕೆಲಸ. ಹಿಂದಿನ ರಾತ್ರಿಯೇ ಹಂಡೆ ತೊಳೆದು, ಶೇಡಿಯ ಗೆರೆ ಎಳೆದು, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿಟ್ಟಿರುತ್ತೇವೆ. ಸೌದೆಗೆ ಕಾಫಿ ಗಿಡದ ಒಣ ಬೊಡ್ಡೆ. ಕಾಂಡಕೊರಕ ಹಿಡಿದು ಕಿತ್ತ ಅರೇಬಿಕಾ ಗಿಡ ತೋಟದಲ್ಲಿ ಎಷ್ಟು ಅಳಿಸಿರುತ್ತದೋ ಒಲೆಯಲ್ಲಿ ಅಷ್ಟೇ ಬೆಚ್ಚಗೆ ಉರಿಯುತ್ತದೆ.

ಈ ಸಲ ಅಣ್ಣನ ಮಗನೂ ಎದ್ದು ಬಂದು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತ. ಬೆಂಗಳೂರಿನಿಂದ ರಾತ್ರಿ ಬಂದಿದ್ದ. ಮುಖ ಸಪ್ಪಗಿತ್ತು. ಮುದ್ದಿನಿಂದ ಸಾಕಿದ ಜರ್ಮನ್ ಕಾರನ್ನು ಮಾರಲು ಹೊರಟಿದ್ದಾನೆ. ಎರಡು ತಿಂಗಳಾಯಿತು, ವ್ಯಾಪಾರ ಕುದುರುತ್ತಿಲ್ಲ. ಬಂದವನೊಬ್ಬ ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಬಾಗಿಲಿಗೆ, ಬಾನೆಟ್ಟಿಗೆ ಒತ್ತಿ ನೋಡಿ, ಇಲ್ಲಿ ಒಂದು ಸಲ ಪೇಂಟ್ ಆಗಿದೆ ಎಂದು ಒಂದೂವರೆ ಲಕ್ಷ ಇಳಿಸಿದನಂತೆ. ಇನ್ನೊಬ್ಬ, ‘ದೆಹಲಿ ಗಾಡಿ ಇದರ ಅರ್ಧಕ್ಕೆ ಸಿಗುತ್ತೆ ಸಾರ್’ ಅಂದನಂತೆ. ಅದು ಸುಳ್ಳೂ ಅಲ್ಲ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿ ಹಿಡಿದ ಮೇಲೆ ಅಲ್ಲಿನ ದೊಡ್ಡ ದೊಡ್ಡ ಕಾರುಗಳು ಸಿಕ್ಕಿದ ಬೆಲೆಗೆ ದಕ್ಷಿಣಕ್ಕೆ ಇಳಿದು ಬಂದವು. ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕೆಂಬುದನ್ನು ಮಾತ್ರ ಆ ಲೆಕ್ಕ ಹೇಳುವವರು ಹೇಳುವುದಿಲ್ಲ.

“ಅತ್ತೆ, ಅಜ್ಜಯ್ಯನ ಬೆಂಜ್ ಮಾರುವಾಗ ನೀವೇ ಓಡಾಡಿದ್ದಂತೆ. ಹೆಂಗೆ ಮಾರಿದ್ರಿ?” ಎಂದು ಕೇಳಿದ.

ಇನ್ನೊಂದು ಬೊಡ್ಡೆ ಒಳಗೆ ನೂಕಿದೆ. ನೀರು ಕಾಯಲು ಹೊತ್ತಿತ್ತು.

ಆ ಕಾರು ಬಂದದ್ದು ಬ್ರೆಜಿಲ್‌ನ ಹಿಮದಿಂದ. 1994ರ ಜೂನ್, ಜುಲೈನಲ್ಲಿ ಅಲ್ಲಿ ಎರಡು ಸಲ ಹಿಮ ಬಿದ್ದು ಕಾಫಿ ಗಿಡಗಳು ಕರಟಿಹೋದವು. ಜಗತ್ತಿನ ಕಾಫಿ ಬೆಲೆ ಒಮ್ಮೆಲೇ ಏರಿತು. ಇತ್ತ ನಮ್ಮಲ್ಲಿ ಐವತ್ತು ವರ್ಷದ ಕಟ್ಟು ಬಿಚ್ಚುತ್ತಿತ್ತು. ಅಲ್ಲಿಯವರೆಗೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಟ್ಟು, ದುಡ್ಡು ಕಂತುಕಂತಾಗಿ ಬರುವುದನ್ನು ಕಾಯುತ್ತಿದ್ದ ಬೆಳೆಗಾರರಿಗೆ ತಮ್ಮ ಬೆಳೆಯನ್ನು ತಾವೇ ಮಾರುವ ಹಕ್ಕು ಸ್ವಲ್ಪಸ್ವಲ್ಪವಾಗಿ ಸಿಕ್ಕಿ, 1996ರಲ್ಲಿ ಪೂರ್ತಿಯಾಯಿತು. ಬೆಲೆಯೂ ಇತ್ತು, ಹಕ್ಕೂ ಇತ್ತು. ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಎಷ್ಟೋ ಮನೆಗಳು ತಾರಸಿ ಕಂಡದ್ದು, ಮಕ್ಕಳು ದೂರದ ಕಾಲೇಜು ಕಂಡದ್ದು ಆ ವರ್ಷಗಳಲ್ಲಿ. ನಮ್ಮ ಅಪ್ಪಯ್ಯ ಕಾರು ಕಂಡರು.

ಮರ್ಸಿಡಿಸ್ ಬೆಂಜ್ ಆಗಷ್ಟೇ ಟೆಲ್ಕೊ ಜೊತೆ ಸೇರಿ ಪುಣೆಯಲ್ಲಿ ಕಾರು ಜೋಡಿಸಲು ಶುರುಮಾಡಿತ್ತು. 1995ರಿಂದ ಅಲ್ಲಿಂದ ಹೊರಬಂದ ಇ-ಕ್ಲಾಸ್, ಡಬ್ಲ್ಯೂ 124 ಅನ್ನುತ್ತಾರೆ ಗೊತ್ತಿದ್ದವರು. ನಮ್ಮದು ಇ 250 ಡೀಸೆಲ್, ಐದು ಸಿಲಿಂಡರಿನದು. ಅದರ ಮುಂದಿನ ಗಾಜಿಗೆ ಇದ್ದದ್ದು ಒಂದೇ ವೈಪರ್. ಆದರೆ ಆ ಒಂದೇ ವೈಪರ್ ಮೂಲೆಗೆ ಹೋಗುವಾಗ ತೋಳು ಚಾಚಿ ಉದ್ದವಾಗುತ್ತಿತ್ತು, ನಡುವೆ ಬರುವಾಗ ಮತ್ತೆ ಗಿಡ್ಡವಾಗುತ್ತಿತ್ತು. ಆಗುಂಬೆಯ ಮಳೆಯಲ್ಲಿ ಅದು ಕೆಲಸ ಮಾಡುವುದನ್ನು ನೋಡುವುದೇ ನಮಗೆ ಒಂದು ಸಂಭ್ರಮ. ಹ್ಯಾಂಡ್‌ಬ್ರೇಕ್ ಕೈಯಲ್ಲಿ ಎಳೆಯುವುದಲ್ಲ, ಎಡಗಾಲಲ್ಲಿ ತುಳಿಯುವುದು. ಚಳಿಯ ಬೆಳಗ್ಗೆ ಕೀ ತಿರುಗಿಸಿದ ಮೇಲೆ ಸುರುಳಿಯ ಗುರುತಿನ ಹಳದಿ ದೀಪ ಆರುವವರೆಗೆ ಕಾಯಬೇಕು, ಆಮೇಲೆ ಸ್ಟಾರ್ಟ್. ಅಪ್ಪಯ್ಯ ಆ ದೀಪವನ್ನು ದೇವರ ದೀಪ ನೋಡಿದ ಹಾಗೆ ನೋಡುತ್ತ ಕೂತಿರುತ್ತಿದ್ದರು. ಸುತ್ತಲಿನ ಹತ್ತು ಹಳ್ಳಿಯ ಮದುಮಕ್ಕಳು ಅದರಲ್ಲಿ ದಿಬ್ಬಣ ಹೋಗಿದ್ದಾರೆ. ಹೆರಿಗೆ ನೋವಿನ ಹೆಂಗಸರನ್ನು ನಡುರಾತ್ರಿ ಶಿವಮೊಗ್ಗಕ್ಕೆ ಮುಟ್ಟಿಸಿದೆ. ಯಾರಿಂದಲೂ ಡೀಸೆಲ್ಲಿನ ಕಾಸು ತೆಗೆದುಕೊಂಡವರಲ್ಲ.

2001ಕ್ಕೆ ಎಲ್ಲ ತಿರುಗಿಬಿತ್ತು. 1997ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಪೌಂಡಿಗೆ 3 ಡಾಲರ್ ಮುಟ್ಟಿದ್ದ ಅರೇಬಿಕಾ, ಈಗ ಅರ್ಧ ಡಾಲರಿಗಿಂತ ಕೆಳಗೆ. ಆಳಿನ ಸಂಬಳ, ಗೊಬ್ಬರ, ಬ್ಯಾಂಕಿನ ಬಡ್ಡಿ ಯಾವುದೂ ಅದರ ಜೊತೆ ಇಳಿಯಲಿಲ್ಲ. ಕ್ಯೂರಿಂಗ್ ವರ್ಕ್ಸ್‌ನಿಂದ ಬಂದ ಲೆಕ್ಕದ ಚೀಟಿಯನ್ನು ಅಪ್ಪಯ್ಯ ಎರಡು ಸಲ ಓದಿ ಅಂಗಿಯ ಜೇಬಿಗೆ ಹಾಕಿಕೊಂಡರು. 2002ರ ಯುಗಾದಿ ಕಳೆದ ವಾರ ನನ್ನನ್ನು ಕರೆದು, “ಮಗಾ, ಕಾರು ಕೊಡುವ. ಆದರೆ ಊರಲ್ಲಿ ಯಾರಿಗೂ ಗೊತ್ತಾಗಬಾರ್ದು” ಅಂದರು.

ಇದು ಮೊದಲನೆಯ ಕಷ್ಟ. ಕೊಪ್ಪದಂಥ ಊರಲ್ಲಿ ಬೆಂಜ್ ಮಾರುವುದೆಂದರೆ ತೋಟ ಮಾರಿದಷ್ಟೇ ಸುದ್ದಿ. ಸಾಲ ಕೊಟ್ಟವರು ಅವತ್ತೇ ಮನೆಗೆ ಬರುತ್ತಾರೆ, ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಅಣ್ಣನಿಗೆ ಆಗ ಹೆಣ್ಣು ನೋಡುತ್ತಿದ್ದರು. ಹಾಗಾಗಿ ನಾನು ಮತ್ತು ನಮ್ಮ ಡ್ರೈವರಣ್ಣ ಕಾರು ತೆಗೆದುಕೊಂಡು ಬೆಂಗಳೂರಿಗೆ ಹೋದೆವು. ‘ಸರ್ವಿಸಿಗೆ’ ಎಂದು ಹೇಳಿ ಹೋದೆವು. ಮಲ್ಲೇಶ್ವರದ ಚಿಕ್ಕಮ್ಮನ ಮನೆಯ ಮುಂದೆ ಕಾರು ನಿಲ್ಲಿಸಿ, ಅವರ ಮನೆಯ ಫೋನ್ ನಂಬರು ಕೊಟ್ಟು ಪೇಪರಿನಲ್ಲಿ ನಾಲ್ಕು ಸಾಲಿನ ಜಾಹೀರಾತು ಹಾಕಿಸಿದೆವು. ಹೆಸರಿಲ್ಲ, ಊರಿಲ್ಲ. ಒಬ್ಬರೇ ಮಾಲೀಕರು, ಇಷ್ಟು ಕಿಲೋಮೀಟರು. ಅಷ್ಟೆ.

ಭಾನುವಾರ ಬೆಳಗ್ಗೆ ಆರಕ್ಕೇ ಫೋನ್ ಬಡಿದುಕೊಳ್ಳಲು ಶುರು. ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ರಿಸೀವರ್ ಎತ್ತಿ ಪಕ್ಕಕ್ಕಿಟ್ಟುಬಿಟ್ಟರು. ಆ ಫೋನುಗಳಲ್ಲಿ ಮುಕ್ಕಾಲು ಪಾಲು ಕೊಳ್ಳುವವರದಲ್ಲ, ಬ್ರೋಕರುಗಳದು. ‘ಪಾರ್ಟಿ ರೆಡಿ ಇದೆ ಮೇಡಂ, ಫೈನಲ್ ರೇಟ್ ಹೇಳಿ.’ ಕಾರನ್ನೇ ನೋಡದೆ ಫೈನಲ್ ರೇಟು! ಅವರ ಒಂದು ಪದ್ಧತಿ ನನಗೆ ಎರಡು ವಾರದಲ್ಲಿ ಅರ್ಥವಾಯಿತು. ಮೊದಲ ದಿನ ಒಬ್ಬ ಬಂದು ಟೈರು ಒದ್ದು, ಬಾನೆಟ್ ಎತ್ತಿ, ತಲೆ ಅಲ್ಲಾಡಿಸಿ ಆರು ಲಕ್ಷ ಅನ್ನುತ್ತಾನೆ. ನಾವು ಒಪ್ಪುವುದಿಲ್ಲ. ಮಾರನೇ ದಿನ ಇನ್ನೊಬ್ಬ ಬಂದು ನಾಲ್ಕೂವರೆ ಅನ್ನುತ್ತಾನೆ. ಮೂರನೇ ದಿನ ಮೊದಲಿನವನೇ ಫೋನ್ ಮಾಡಿ, ‘ಏನು ಮಾಡಿದ್ರಿ ಮೇಡಂ, ಆರು ಲಕ್ಷ ಇನ್ನೂ ಕೈಯಲ್ಲೇ ಇಟ್ಕೊಂಡಿದೀನಿ’ ಅನ್ನುತ್ತಾನೆ. ಇಬ್ಬರೂ ಒಂದೇ ಕಡೆಯವರು. ಹತ್ತಿರದಲ್ಲಿ ಹಿರಿಯರಿಲ್ಲದ ಇಪ್ಪತ್ಮೂರು ವರ್ಷದ ಹುಡುಗಿಗೆ ಆ ಆರು ಲಕ್ಷ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿಜವಾಗಿ ಕೊಳ್ಳಲು ಬಂದವರಲ್ಲಿ ಎರಡು ಬಗೆ. ದುಡ್ಡಿದ್ದವರಿಗೆ ಹಳೆಯ ಕಾರು ಬೇಡ. ಇಪ್ಪತ್ತು ಲಕ್ಷ ಕೊಟ್ಟು ಹೊಸದು ತರಬಲ್ಲವನು ಇನ್ನೊಬ್ಬರು ಆರು ವರ್ಷ ಕೂತ ಸೀಟಿನಲ್ಲಿ ಯಾಕೆ ಕೂತಾನು? ಹಳೆಯದು ಬೇಕೆನ್ನುವವನಿಗೆ ಅದನ್ನು ಸಾಕುವ ಶಕ್ತಿಯಿಲ್ಲ. ಕಾರಿನ ಬೆಲೆ ಮೂರನೇ ಒಂದಕ್ಕೆ ಇಳಿದಿದ್ದರೂ ಅದರ ಹೆಡ್‌ಲೈಟಿನ ಬೆಲೆ, ಶಾಕ್ ಅಬ್ಸಾರ್ಬರಿನ ಬೆಲೆ ಇಳಿದಿರುವುದಿಲ್ಲ. ಬಿಡಿಭಾಗಗಳು ಇನ್ನೂ ಇಪ್ಪತ್ತು ಲಕ್ಷದ ಕಾರಿನವೇ. ಈ ಇಬ್ಬರ ನಡುವೆ ಒಂದು ಇರುಕು ಜಾಗವಿದೆ. ಸಾಕಬಲ್ಲವನು, ಆದರೂ ಹಳೆಯದನ್ನೇ ಬಯಸುವವನು. ಆ ಜಾಗದಲ್ಲಿ ನಿಂತ ಒಬ್ಬ ಮನುಷ್ಯನನ್ನು ಇಡೀ ನಗರದಲ್ಲಿ ಹುಡುಕುವುದೇ ಇಂಥ ಕಾರು ಮಾರುವ ಕೆಲಸ.

“ಈಗಲೂ ಅದೇ ಅತ್ತೆ” ಅಂದ ಅಣ್ಣನ ಮಗ.

ಆ ಒಬ್ಬ ಸಿಗುವವರೆಗೆ ಬರೀ ಸವಾರಿಗೆ ಬಂದವರೂ ಇದ್ದರು. ನಾಲ್ಕು ಜನ ಗೆಳೆಯರು ಬಂದು, ಹೆಬ್ಬಾಳದವರೆಗೆ ಓಡಿಸಿ ನೋಡುತ್ತೇವೆಂದು ಹೇಳಿ ದೇವನಹಳ್ಳಿಯವರೆಗೆ ಹೋಗಿ ಬಂದರು. ಡ್ರೈವರಣ್ಣ ಪಕ್ಕದಲ್ಲಿ ಕೂತಿದ್ದಕ್ಕೆ ಕಾರು ವಾಪಸು ಬಂತು. ಕೇರಳದ ಒಬ್ಬರು ನಿಜಕ್ಕೂ ಇಷ್ಟಪಟ್ಟರು. ಎನ್‌ಓಸಿಗೆ ಫಾರಂ 28, ಅದಕ್ಕೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್, ಅಲ್ಲಿ ಹೋದ ಮೇಲೆ ಮತ್ತೆ ತೆರಿಗೆ, ಇದನ್ನೆಲ್ಲ ಲೆಕ್ಕ ಹಾಕಿ ಬೇಸರದಿಂದಲೇ ಹಿಂದೆ ಸರಿದರು.

ಇದರ ಮೇಲೆ ಅಪ್ಪಯ್ಯನದೊಂದು ಕಟ್ಟಪ್ಪಣೆ ಇತ್ತು. ಕಾರಿನ ಊನವನ್ನು ಕೇಳುವ ಮೊದಲೇ ಹೇಳಬೇಕು. ಜಯಪುರದ ದಾರಿಯಲ್ಲಿ ಕಾಡುಹಂದಿ ಅಡ್ಡ ಬಂದು ಮುಂದಿನ ಬಂಪರ್ ಒಡೆದು ಬಣ್ಣ ಹೊಡೆಸಿದ್ದು, ಏಸಿಯ ಕಂಪ್ರೆಸರ್ ಬದಲಿಸಿದ್ದು, ಹಿಂದಿನ ಎಡಬಾಗಿಲ ಕಿಟಕಿ ಮಳೆಗಾಲದಲ್ಲಿ ಹಟ ಮಾಡುವುದು. ನಾನು ಹೇಳುತ್ತಿದ್ದೆ. ಹೇಳಿದ ಒಂದೊಂದಕ್ಕೂ ಹತ್ತು, ಇಪ್ಪತ್ತು ಸಾವಿರ ಇಳಿಯುತ್ತಿತ್ತು. ಒಂದು ರಾತ್ರಿ ಎಸ್‌ಟಿಡಿಯಲ್ಲಿ ಅಪ್ಪಯ್ಯನ ಮೇಲೆ ರೇಗಿದೆ. ಕೇಳದಿದ್ದವರಿಗೂ ಯಾಕೆ ಹೇಳಬೇಕು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಆಮೇಲೆ, “ಬಂಪರ್ ಬಿಚ್ಚಿದ ದಿವಸ ಅವ ಯಾರ ಹೆಸರು ಹೇಳ್ತಾನೆ ಮಗಾ? ಬುಕ್ಕಿನಲ್ಲಿರೋದು ನನ್ನ ಹೆಸರು” ಅಂದರು.

ಕೊನೆಗೆ ಬಂದವರು ಹಾಸನದ ಕಡೆಯ ಒಬ್ಬ ರಸ್ತೆ ಕಂಟ್ರಾಕ್ಟರು. ಬಂದವರೇ ಕಾರಿನ ಸುತ್ತ ಒಂದು ಸುತ್ತು ಬಂದು, ಕೀ ತೆಗೆದುಕೊಂಡು, ಹಳದಿ ದೀಪ ಆರುವವರೆಗೆ ಕಾದು ಸ್ಟಾರ್ಟ್ ಮಾಡಿದರು. ಡ್ರೈವರಣ್ಣ ನನ್ನ ಮುಖ ನೋಡಿದ. ಇವರೇ ಅನ್ನಿಸಿತು. ಹಂದಿಯ ಕಥೆ ಕೇಳಿ, “ಹಂದಿ ಬದುಕ್ತಾ?” ಎಂದು ಕೇಳಿದರು. 7 ಲಕ್ಷದ 25 ಸಾವಿರಕ್ಕೆ ಮಾತಾಯಿತು. ಒಂದು ಲಕ್ಷ ಮುಂಗಡ, ಉಳಿದದ್ದು ಎರಡು ಚೆಕ್ಕು. ಎರಡೂ ಪಾಸಾದವು. ಕಾರು ಕೊಡುವ ದಿನ ಅಪ್ಪಯ್ಯ ಬಸ್ಸಿನಲ್ಲಿ ಬಂದು, ಫಾರಂ 29 ಎರಡು ಪ್ರತಿ, ಫಾರಂ 30ಕ್ಕೆ ಸಹಿ ಹಾಕಿ, ಆರ್‌ಸಿ ಬುಕ್ಕಿನ ಜೊತೆ ಕೊಟ್ಟರು. ಕೊಳ್ಳುವವರ ಹೆಸರಿನ ಜಾಗ ಖಾಲಿ ಇತ್ತು. “ಚಿಕ್ಕಮಗಳೂರು ಆರ್‌ಟಿಒದಲ್ಲಿ ನಮ್ಮ ಹುಡುಗ ಇದಾನೆ, ವರ್ಗಾವಣೆ ನಾನೇ ಮಾಡಿಸ್ಕೊಳ್ತೀನಿ” ಅಂದರು ಕಂಟ್ರಾಕ್ಟರು. ಅಷ್ಟು ಒಳ್ಳೆಯ ಮನುಷ್ಯನ ಮಾತನ್ನು ನಂಬದಿರುವುದು ಹೇಗೆ? ನಮಸ್ಕಾರ ಮಾಡಿ ಕಳಿಸಿದೆವು.

ಅಲ್ಲಿ ನಾವು ತಪ್ಪಿದೆವು. ನಾನು ಆಮೇಲೆ ಕಾನೂನಿನ ಪುಸ್ತಕ ತೆಗೆದು ಓದಿದ್ದೇನೆ. 1988ರ ಮೋಟಾರು ವಾಹನ ಕಾಯಿದೆಯ 50ನೇ ಸೆಕ್ಷನ್. ಅದೇ ರಾಜ್ಯದೊಳಗೆ ಮಾರಿದರೆ ಮಾರಿದವನೇ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವನಿಗೆ 30 ದಿನ. ಕೊಂಡವನು ಮಾಡಿಸಿಕೊಳ್ಳುತ್ತಾನೆ ಎಂಬುದು ನಮ್ಮ ಬಾಯಿಮಾತಿನ ಕಾನೂನು. ಸಹಿ ಹಾಕಿದ ಖಾಲಿ ಫಾರಂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನೋಟಿನ ಹಾಗೆ ಸಾಗುತ್ತದೆ, ಪ್ರತಿ ಸಲವೂ ವರ್ಗಾವಣೆಯ ಖರ್ಚು ಉಳಿಯುತ್ತದೆ. ಯಾರ ಹೆಸರೂ ಬುಕ್ಕಿಗೆ ಏರುವುದಿಲ್ಲ. ಮೊದಲಿನವನ ಹೆಸರು ಇಳಿಯುವುದೂ ಇಲ್ಲ.

2004ರ ಮಳೆಗಾಲದಲ್ಲಿ ಬಯಲುಸೀಮೆಯ ಒಂದು ಠಾಣೆಯಿಂದ ಪೊಲೀಸರೊಬ್ಬರು ಜೀಪಿನಲ್ಲಿ ಮನೆಗೇ ಬಂದರು. ನಿಮ್ಮ ಬೆಂಜ್ ಕಾರು ಸ್ಕೂಟರಿಗೆ ಹೊಡೆದಿದೆ, ಓಡಿಸುತ್ತಿದ್ದವರು ಯಾರೆಂದು ವಾಹನದ ಮಾಲೀಕರು ತಿಳಿಸಬೇಕು ಎಂಬ ನೋಟೀಸು. ನಮ್ಮ ಕಾರಲ್ಲ, ಮಾರಿ ಎರಡು ವರ್ಷವಾಯಿತು ಅಂದೆವು. ಅವರು ಒರಟಾಗಿ ಮಾತಾಡಲಿಲ್ಲ. “ಮಾರಿರಬಹುದು ಗೌಡ್ರೇ. ದಾಖಲೆಯಲ್ಲಿ ನೀವೇ ಇದೀರಿ” ಅಂದರು. ಯಾರಿಗೂ ಗೊತ್ತಾಗದ ಹಾಗೆ ಮಾರಿದ ಕಾರಿನ ಸುದ್ದಿ ಆ ಜೀಪು ಗೇಟು ದಾಟುವ ಮೊದಲೇ ಕೊಪ್ಪದ ಬಸ್‌ಸ್ಟ್ಯಾಂಡಿಗೆ ಮುಟ್ಟಿತ್ತು.

ಕಂಟ್ರಾಕ್ಟರಿಗೆ ಫೋನ್ ಮಾಡಿದೆವು. ಅವರು ಆ ಕ್ಷಣವೇ ಹೊರಟು ಬಂದರು, ಅದನ್ನು ಹೇಳಬೇಕು. ಬಿಲ್ಲು ನಿಂತು ಕಷ್ಟವಾದಾಗ ಅವರೂ ಕಾರು ಮಾರಿದ್ದರು, ಅದೇ ಖಾಲಿ ಫಾರಮ್ಮಿನ ಜೊತೆ. ಕೊಂಡವನು ಒಬ್ಬ ಅಡಿಕೆ ವ್ಯಾಪಾರದ ಹುಡುಗ. ಅವನು ಇನ್ಶೂರೆನ್ಸ್ ಕಟ್ಟಿರಲಿಲ್ಲ. ಕಟ್ಟಿದ್ದರೆ ಪರಿಹಾರ ಕಂಪನಿಯ ಪಾಲಿಗೆ ಹೋಗುತ್ತಿತ್ತು. ಮಾರಾಟವಾದರೂ ಮೂರನೆಯವರ ಮಟ್ಟಿಗೆ ಪಾಲಿಸಿ ಕಾರಿನ ಜೊತೆಯೇ ಸಾಗುತ್ತದೆಂದು ಅದೇ ಕಾಯಿದೆಯ 157ರಲ್ಲಿದೆ. ಪಾಲಿಸಿಯೇ ಇಲ್ಲವಾದಾಗ ಉಳಿಯುವುದು ಬುಕ್ಕಿನಲ್ಲಿರುವ ಹೆಸರು. 2018ರಲ್ಲಿ ನವೀನ್ ಕುಮಾರ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಖಚಿತವಾಗಿ ಹೇಳಿತು. ಕೈ ಎಷ್ಟೇ ಬದಲಾಗಿರಲಿ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಗಾಯಗೊಂಡವನು ಮಾರಾಟದ ಸರಪಳಿ ಹಿಡಿದು ಒಬ್ಬೊಬ್ಬರನ್ನೇ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಆ ತೀರ್ಪು ನಮ್ಮಂಥವರ ವಿರುದ್ಧವೇ ಇದೆ. ಆದರೂ ಅದು ಸರಿ ಎಂದೇ ನಾನು ನಂಬಿದ್ದೇನೆ. ಯಾಕೆಂದರೆ ಆ ಗಾಯಗೊಂಡವನನ್ನು ನಾನು ನೋಡಿದ್ದೇನೆ.

ವಕೀಲರು ಬೇಡವೆಂದರೂ ಅಪ್ಪಯ್ಯ ಅವನ ಮನೆಗೆ ಹೋದರು, ಜೊತೆಗೆ ನಾನು. ಗಾರೆ ಕೆಲಸದವನು. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರು. ಅವನ ಹೆಂಡತಿ ಒಂದೇ ಕುರ್ಚಿಯನ್ನು ಅಪ್ಪಯ್ಯನಿಗೆ ಹಾಕಿದಳು. ಅವರು ಕೂರಲಿಲ್ಲ, ಮಂಚದ ಪಕ್ಕ ನಿಂತೇ ಮಾತಾಡಿದರು. “ನಾನು ಓಡಿಸಿದ್ದಲ್ಲ. ಆದರೆ ಕಾರು ನನ್ನ ಹೆಸರಿನದು” ಅಂದರು. ಅವನಿಗೆ ಇದರಲ್ಲಿ ಏನು ಅರ್ಥವಾಯಿತೋ. ಹೂಂ ಅಂದ. ಪರಿಹಾರದ ಕೇಸು ಮೂರು ವರ್ಷ ನಡೆದು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಕಂಟ್ರಾಕ್ಟರು, ಅಡಿಕೆ ಹುಡುಗ, ಅಪ್ಪಯ್ಯ ಮೂವರೂ ಹಂಚಿಕೊಂಡು ಕೊಟ್ಟರು. ಅಪ್ಪಯ್ಯನ ಪಾಲು 90 ಸಾವಿರ. ಆ ವರ್ಷದ ಮೆಣಸಿನ ದುಡ್ಡು.

ಕೇಸಿಗಿಂತ ಮೊದಲೇ ಕಾರನ್ನು ಬಿಡಿಸಬೇಕಿತ್ತು. ಠಾಣೆಯ ಹಿತ್ತಲಲ್ಲಿ ಲಂಟಾನದ ನಡುವೆ ನಿಂತಿತ್ತು. ಬಾನೆಟ್ಟಿನ ಮೇಲಿನ ನಕ್ಷತ್ರ ಯಾರೋ ಕಿತ್ತಿದ್ದರು, ಬುಡ ಮಾತ್ರ ಇತ್ತು. ಬಿಡಿಸುವ ಅರ್ಜಿಯನ್ನೂ ಬುಕ್ಕಿನಲ್ಲಿ ಹೆಸರಿದ್ದವರೇ ಹಾಕಬೇಕು. ಅಪ್ಪಯ್ಯ ಹಾಕಿದರು, ಒಂದು ಷರತ್ತಿನ ಮೇಲೆ. ಕೋರ್ಟಿನ ಒಪ್ಪಿಗೆ ಪಡೆದು, ಇನ್ಶೂರೆನ್ಸ್ ಕಟ್ಟಿ, ಕಾರು ನೇರ ಚಿಕ್ಕಮಗಳೂರಿನ ಆರ್‌ಟಿಒಗೆ ಬರಬೇಕು. ತಾವು ಖುದ್ದು ಎದುರಿಗಿರುತ್ತೇವೆ.

ಆ ದಿನ ಜಡಿಮಳೆ. ಅಡಿಕೆ ಹುಡುಗ ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿದ್ದ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬೇಕು. ಗುಮಾಸ್ತರು “ಮಾರಾಟಗಾರರು ಯಾರು?” ಎಂದು ಕೂಗಿದರು. ಅಪ್ಪಯ್ಯ ಎದ್ದು ತಮ್ಮ ಹೆಸರು, ತಂದೆಯ ಹೆಸರು, ಗ್ರಾಮ, ಹೋಬಳಿ ಎಲ್ಲ ಹೇಳಿದರು. ಈ ಸಲ ಫಾರಂ 29ರಲ್ಲಿ ಹುಡುಗನ ಹೆಸರನ್ನು ತಮ್ಮ ಕೈಯಿಂದಲೇ ಬರೆದು, ಅವನಿಗೆ ಓದಿ ಹೇಳಿ, ಆಮೇಲೆ ಸಹಿ ಮಾಡಿದರು. ಮೊಹರು ಬಿದ್ದ ಸದ್ದು ಕೇಳಿದ ಮೇಲೆಯೇ ಕನ್ನಡಕ ತೆಗೆದದ್ದು.

ಹೊರಗೆ ಬಂದಾಗ ಹುಡುಗ ಹತ್ತಿರ ಬಂದು, “ಮಳೆ ಇದೆ, ಊರಿನವರೆಗೆ ಬಿಟ್ಟು ಬರ್ತೀನಿ, ಬೇಡ ಅನ್ಬೇಡಿ” ಅಂದ. ಅಪ್ಪಯ್ಯ ಬಸ್ಸಿಗೇ ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು. ಆರು ವರ್ಷ ಆ ಕಾರಿನಲ್ಲಿ ಓಡಾಡಿದವರು ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಹುಡುಗ ಕೀ ತಿರುಗಿಸಿ ಒಮ್ಮೆಲೇ ಸ್ಟಾರ್ಟ್ ಮಾಡಲು ಹೊರಟ.

“ತಡಿ” ಅಂದರು ಅಪ್ಪಯ್ಯ. “ಆ ದೀಪ ಆರಲಿ.”

ದಾರಿಯುದ್ದಕ್ಕೂ ಅವನಿಗೆ ಹೇಳುತ್ತಲೇ ಬಂದರು. ತಿರುವಿನಲ್ಲಿ ಬ್ರೇಕ್ ಹೇಗೆ ಹಿಡಿಯಬೇಕು, ಡೀಸೆಲ್ ಯಾವ ಬಂಕಿನಲ್ಲಿ ಹಾಕಿಸಬೇಕು, ಹಿಂದಿನ ಎಡಕಿಟಕಿ ನಿಂತುಕೊಂಡರೆ ಗಾಜನ್ನು ಒಂದು ಅಂಗೈಯಲ್ಲಿ ಒತ್ತಿ ಹಿಡಿದು ಗುಂಡಿ ಅದುಮಬೇಕು. ಅವರೇ ಆ ಕಿಟಕಿಯ ಪಕ್ಕ ಕೂತಿದ್ದರು, ಮಾಡಿ ತೋರಿಸಿದರು. ಮುಂದೆ ಆ ಒಂಟಿ ವೈಪರ್ ತೋಳು ಚಾಚಿ ಚಾಚಿ ನೀರು ಒರೆಸುತ್ತಿತ್ತು. ಕೊಪ್ಪದ ಹತ್ತಿರ ಬಂದಾಗ ಹುಡುಗ, ಹೊರದಾರಿಯಲ್ಲಿ ಹೋಗಲಾ ಎಂದು ಕೇಳಿದ. ನಡುಮಧ್ಯಾಹ್ನ, ಸಂತೆಯ ದಿನ.

“ಬಸ್‌ಸ್ಟ್ಯಾಂಡ್ ಮುಂದೆಯೇ ಹೋಗು” ಅಂದರು ಅಪ್ಪಯ್ಯ. ಕಿಟಕಿಯ ಗಾಜು ಇಳಿಸಿಯೇ ಇತ್ತು.